ತಣ್ಣಗಿರುವಾಗ ಬಾ

ಗುಂಡಿ ಒತ್ತಿದರೆ ಮೊದಲು ಮಾತಾಡುವುದು ಆ ಹೆಂಗಸು.
ಜಪಾನಿ ಭಾಷೆ. ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ಕೂತಿದ್ದಾಳೆ.
ಮೂರು ತಿಂಗಳು ನಾನದನ್ನು
ಶುಭೋದಯ ಅಂದುಕೊಂಡಿದ್ದೆ.
ಉಲಾನ್‌ಬಾತರಿನ ಮೈನಸ್ ಮೂವತ್ತರಲ್ಲಿ
ಬೆಳಗಿನ ಐದಕ್ಕೆ
ಬೇರೆ ಯಾರು ಮಾತಾಡಿಸುತ್ತಾರೆ?

ಆಮೇಲೆ ನಡುಕ ಶುರುವಾಯಿತು.
ಚಳಿಯ ನಡುಕ ಬೇರೆ, ಇದು ಬೇರೆ:
ಜ್ವರದ ಮಗು ಹಲ್ಲು ಕಡಿದ ಹಾಗೆ
ಕಟಕಟ ಒಂದು ನಿಮಿಷ,
ಮತ್ತೆ ಏನೂ ಆಗದವರಂತೆ ಸುಮ್ಮನೆ.
ಬಾನೆಟ್ಟಿಗೆ ಇನ್ನೊಂದು ಕಂಬಳಿ ಹೊದಿಸಿದೆ.
ಗುಲಾಬಿ ಬಣ್ಣದ ಕೂಲೆಂಟ್ ವಾರಕ್ಕೊಂದು ಲೋಟ ಮಾಯ.
ನೆಲದ ಮೇಲೆ ತೊಟ್ಟೂ ಇಲ್ಲ.
ಕುಡಿಯುತ್ತಿದೆ ಕಣಮ್ಮ, ಎಂದೆ.
ನಿನ್ನಪ್ಪನೂ ಹಾಗೇ,
ಖಾಲಿ ಬಾಟಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಎಂದಳು.

ಚುಲೂನನ ಗ್ಯಾರೇಜು ಅಂದರೆ ಎರಡು ಕಂಟೇನರು,
ನಡುವೆ ತಗಡು, ಒಂದು ಕಲ್ಲಿದ್ದಲ ಒಲೆ.
ಪ್ಲಗ್ಗು ಬಿಚ್ಚಿ ಒಳಗೆ ತಂತಿಯ ಕಣ್ಣು ಇಳಿಬಿಟ್ಟ.
ನೋಡು.
ನೋಡಿದೆ.
ಮೂರು ಪಿಸ್ಟನ್ ಮಸಿಗಪ್ಪು. ಒಂದು ಮಾತ್ರ
ಈಗಷ್ಟೇ ತೊಳೆದು ಬೋರಲು ಹಾಕಿದ ಬಟ್ಟಲು.
ಆ ಶುಭ್ರವೇ ರೋಗ, ಎಂದ.
ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೆಡ್ ಬಾಗಿದ್ದರೆ ಅದೂ ಹೋಯಿತು.
ಸಿಗರೇಟು ಪ್ಯಾಕಿನ ಬೆನ್ನಿಗೆ ಬರೆದ:
ನಾಲ್ಕು, ಪಕ್ಕದಲ್ಲಿ ಎಂಟು, ಆಮೇಲೆ ಸೊನ್ನೆಗಳ ಸಾಲು.
ತುಗ್ರಿಕ್ ಎಣಿಸಲಿಲ್ಲ ನಾನು,
ಆಫೀಸುಗಳಿಗೆ ಒಯ್ಯುವ ಬೂಜ್ ಕಡುಬಿನಲ್ಲಿ ಎಣಿಸಿದೆ.
ಹದಿನಾರು ಸಾವಿರ.
ಒಂದೊಂದಕ್ಕೂ ಕೈಯಾರೆ ನೆರಿಗೆ ಹಿಡಿಯಬೇಕು.

ಬಾಗಿಲ ಸಂದಿಯ ಜಿಡ್ಡು ಒರೆಸಿದರೆ
ಹಳೆಯ ಆಯಿಲ್ ಚೀಟಿ: ಒಂದು ಲಕ್ಷ ತೊಂಬತ್ತೆರಡು ಸಾವಿರ ಕಿಲೋಮೀಟರು.
ನಾನು ಕೊಂಡ ದಿನ ಮೀಟರಿನಲ್ಲಿದ್ದದ್ದು ಎಂಬತ್ತೇಳು.
ದಾ ಖೂರೆ ಸಂತೆ. ಮಾರಿದವನು ಒಚಿರ್.
ಕೈ ಕುಲುಕಿದಾಗ ಬೆಚ್ಚಗಿದ್ದ. ಎಂಜಿನ್ನೂ ಬೆಚ್ಚಗಿತ್ತು.
ಯಾಕೆ ಬೆಚ್ಚಗಿದೆ ಎಂದು ನಾನು ಕೇಳಲಿಲ್ಲ,
ಕಾಸಿಗೆ ತಕ್ಕ ಕಜ್ಜಾಯ.
ಅಮ್ಮ ನಾಲ್ಕು ಚಕ್ರಕ್ಕೂ ಹಾಲು ಚಿಮುಕಿಸಿದ್ದಳು,
ಐದನೆಯ ಸ್ಟೆಪ್ನಿಗೂ.

ಇನ್ನೊಂದು ದಾರಿ ಇದೆ, ಎಂದ ಚುಲೂನ್,
ನನ್ನ ಮುಖ ಬಿಟ್ಟು ಒಲೆಯ ಮುಖ ನೋಡುತ್ತ.
ಒಂದು ಬಾಟಲಿ. ಸುರಿದರೆ ಎರಡು ವಾರ,
ಅದೃಷ್ಟವಿದ್ದರೆ ತಿಂಗಳು, ಬಿರುಕು ಬಾಯಿ ಮುಚ್ಚುತ್ತದೆ.
ನಿನ್ನ ಕೈಗೂ ಹಾಗೇ ಬಂದದ್ದು ಇದು.
ಕೊಂಡೆ.
ಸುಳ್ಳು ಯಾಕೆ ಹೇಳಲಿ, ಸುರಿದೂ ಬಿಟ್ಟೆ.

ಶನಿವಾರ ಬಂದವನು ಸಾರುಲ್, ಶಾಲೆಯ ಸಂಗೀತ ಮೇಷ್ಟ್ರು.
ಅವನು ಬರುವ ಮುಂಚೆ ನಲವತ್ತು ನಿಮಿಷ ಎಂಜಿನ್ ಓಡಿಸಿಟ್ಟಿದ್ದೆ.
ಬಾನೆಟ್ಟಿನ ಮೇಲೆ ಕಿವಿಯಿಟ್ಟ, ಕಣ್ಣು ಮುಚ್ಚಿ.
ಶ್ರುತಿಯಲ್ಲಿದೆ, ಎಂದ.
ನನ್ನ ಹೊಟ್ಟೆಯೊಳಗೆ ಏನೋ ಅಪಸ್ವರ.
ಆರಿಸಿ ಮತ್ತೆ ಗುಂಡಿ ಒತ್ತಿದ. ಅವಳು ಮಾತಾಡಿದಳು.
ಅವನು ನಕ್ಕ. ಸಪ್ಪೋರೋದಲ್ಲಿ ಎರಡು ವರ್ಷ
ಪಾತ್ರೆ ತೊಳೆದವನಂತೆ, ಭಾಷೆ ಬರುತ್ತದಂತೆ.
ಏನು ಹೇಳ್ತಾಳೆ ಅವಳು?
ಕಾರ್ಡ್ ಹಾಕಿಲ್ಲ ಅಂತಾಳೆ. ಟೋಲಿನ ಕಾರ್ಡು.
ಇಲ್ಲಿ ಅದರ ಕೆಲಸವೇ ಇಲ್ಲ ಬಿಡಿ.

ಅಂದರೆ ಮೊದಲ ದಿನದಿಂದ, ದಿನಾ ಬೆಳಗ್ಗೆ,
ಅಷ್ಟು ಮರ್ಯಾದೆಯಿಂದ,
ಏನೋ ಇಲ್ಲ, ಏನೋ ಇಲ್ಲ ಎಂದು
ಹೇಳುತ್ತಲೇ ಇದ್ದಳು.
ನಾನು ನಿನಗೂ ಶುಭೋದಯ ಎನ್ನುತ್ತಿದ್ದೆ.

ಅವನು ಕೈಚೀಲ ಕಚ್ಚಿ ಕೈಗವಸು ಬಿಚ್ಚತೊಡಗಿದ,
ನೋಟು ಎಣಿಸಲಿಕ್ಕೆ.
ಈಗ ಬೇಡ, ಎಂದೆ.
ನಾಳೆ ಬಾ. ಐದು ಗಂಟೆಗೆ ಬಾ. ತಣ್ಣಗಿರುವಾಗ ಬಾ.
ಅವನು ನನ್ನನ್ನು ನೋಡಿದ. ಕಾರನ್ನು ನೋಡಿದ.
ಕಿವಿ ಮುಟ್ಟಿಕೊಂಡ.

ರಾತ್ರಿ ಹೊರಗೆ ಹೋಗಿ
ಬಾನೆಟ್ಟಿನ ಎರಡೂ ಕಂಬಳಿ ಎಳೆದು ತಂದೆ.
ಅಮ್ಮ ಒಂದನ್ನು ಹೊದ್ದಳು, ಏನೂ ಕೇಳಲಿಲ್ಲ.
ಹಿಟ್ಟು ನಾದಿ ಕೂತೆ.
ಹದಿನಾರು ಸಾವಿರದಲ್ಲಿ
ಮಲಗುವ ಹೊತ್ತಿಗೆ ನಲವತ್ತು ಆಗಿದ್ದವು,
ಒಂದರ ನೆರಿಗೆ ಬಿಚ್ಚಿಕೊಂಡಿತ್ತು.