ಎರಡಾಳು

ಎಂಟನೇ ಪಾಠದ ಮೂರು ಹಾಳೆಗೆ
ನನಗಿಂತ ಮುಂಚಿನ ಮೇಷ್ಟ್ರು ಪಿನ್ನು ಹೊಡೆಸಿದ್ದರು.
"ಮನೇಲಿ ಓದ್ಕೊಳ್ಳಿ" ಅಂದರಂತೆ. ಮನೆಯಲ್ಲಿ
ಪಿನ್ನು ಬಿಚ್ಚಿದವನ ಬೆನ್ನಿಗೆ ಬೆಲ್ಟು ಬಿತ್ತಂತೆ.

ಕೆ. ಎಂ. ದೊಡ್ಡಿ, ಹತ್ತನೇ ಕ್ಲಾಸು.
ಕಿಟಕಿಯಾಚೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಸಾಲು,
ಕಾಕಂಬಿಯ ಹುಳಿವಾಸನೆ.
ಹೆಡ್‌ಮಾಸ್ಟರ್ ಚಿಕ್ಕಲಿಂಗಯ್ಯನವರು ಬಂದರು,
ಹುಡುಗರನ್ನು ಕಬಡ್ಡಿಗೆ ಅಟ್ಟಿದರು,
ಬೋರ್ಡಿನ ಮೇಲೆ ಒಂದೇ ಪದ ಬರೆದರು:
ಸಂಯಮ.
ಅಡಿಗೆ ಎರಡು ಗೆರೆ ಎಳೆದರು.
"ಇಷ್ಟು ಸಾಕು ಕಣಮ್ಮ,
ಮಿಕ್ಕಿದ್ದು ವಯಸ್ಸು ಕಲಿಸ್ತದೆ."
ಕೈಯ ಸುಣ್ಣದ ಪುಡಿ ಕೊಡವಿಕೊಂಡು ಹೋದರು.
ಒಳ್ಳೆಯವರೇ. ಅವರಿಗೂ ಮೂವರು ಹೆಣ್ಣುಮಕ್ಕಳು.

ವಯಸ್ಸು ಕಲಿಸಿದ್ದನ್ನು ನೋಡಿದ್ದೇನೆ,
ಮೂರನೇ ಬೆಂಚಿನ ತುದಿಯಲ್ಲಿ.
ದಸರಾ ರಜೆಗೆ ಹೋದ ಬಿಂದುಶ್ರೀ ಬರಲಿಲ್ಲ.
ಹಾಜರಿ ಪುಸ್ತಕದಲ್ಲಿ ಗೈರು, ಗೈರು, ಗೈರು.
"ಹೊಟ್ಟೆನೋವಂತೆ ಮಿಸ್," ಪಕ್ಕದವಳು
ನೆಲ ನೋಡುತ್ತ ಹೇಳಿದಳು.
ಸಂಕ್ರಾಂತಿಗೆ ಬೀದಿಗೆಲ್ಲ ಎಳ್ಳು ಬೀರಿದ ಅವಳವ್ವ
ನನ್ನ ಬಾಗಿಲನ್ನು ಮಾತ್ರ ದಾಟಿಕೊಂಡು ಹೋದಳು.

ನಾನು ನೀರುಗಂಟಿಯ ಮಗಳು.
ಹುಲಿಕೆರೆ ಸುರಂಗ ಹಾದು ಬರುವ ನೀರನ್ನು
ಯಾರ ಗದ್ದೆಗೆ ಎಷ್ಟು ಹೊತ್ತೆಂದು
ತೂಬೆತ್ತಿ ಬಿಡುತ್ತಿದ್ದ ಅಪ್ಪ.
"ನಾಲೆ ತಾವ್ಕೆ ವೋಗ್ಬ್ಯಾಡ ಮಗಾ" ಅಂತ ದಿನಾ ಹೇಳೋನು.
ಹೇಳಿ ಸುಮ್ಮನಾಗಲಿಲ್ಲ.
ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ
ನನ್ನನ್ನೂ ಅಣ್ಣನನ್ನೂ ಕೈಹಿಡಿದು ಒಳಕ್ಕಿಳಿಸಿದ.
ಬಿರುಕು ಬಿಟ್ಟ ಕೆಸರು, ಒಂಟಿ ಚಪ್ಪಲಿ, ಯಾರದೋ ಬಳೆಚೂರು,
ಪಾಚಿಯ ಗೆರೆ ನಮ್ಮ ತಲೆಗಿಂತ ಎಷ್ಟೋ ಮೇಲೆ.
"ನೋಡ್ಕಳಿ, ಇಲ್ಲಿ ಎರಡಾಳು. ಇಲ್ಲಿ ಸುಳಿ.
ಮೇಲಿಂದ ಕನ್ನಡಿ ಇದ್ದಂಗಿರ್ತದೆ, ನಂಬ್ಬ್ಯಾಡಿ.
ಅಗೋ ಮೆಟ್ಲು. ಬಿದ್ರೆ ಆ ಕಡೆ ಈಜ್ಬೇಕು."
ಆಮೇಲೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿ
ಈಜು ಕಲಿಸಿದ.
ನಾನು ಬೀಳಲಿಲ್ಲ.
ಅಣ್ಣ ಒಮ್ಮೆ ಬಿದ್ದ.
ಆ ಕಡೆ ಈಜಿದ.

ಆ ಪದವನ್ನು ನಾನು ಅಳಿಸಲಿಲ್ಲ.
ಒಳ್ಳೆಯ ಪದ. ಬೇಡ ಎನ್ನಲು ಬರಬೇಕು,
ಬೇಡ ಎಂದದ್ದು ಕಿವಿಗೆ ಬೀಳಲೂ ಬೇಕು.
ಅದರ ಕೆಳಗೆ ಬೋರ್ಡು ಇನ್ನೂ ಖಾಲಿಯಿತ್ತು.
ಹೊರಗೆ ಹೋಗಿ ಹುಡುಗರನ್ನು ಕರೆದೆ.
ಮಂಡಿಯ ಮಣ್ಣು ಒರೆಸುತ್ತ ಕೂತರು.
"ಇದು ಹೆಣ್ಮಕ್ಕಳ ಪಾಠ ಅಲ್ವಾ ಮಿಸ್?" ಮಧುಸೂದನ.
"ನಾಲೆ ಎರಡಾಳು ಕಣೋ" ಅಂದೆ.
ಅವನಿಗೆ ಅರ್ಥವಾಗಲಿಲ್ಲ. ಆಗುತ್ತದೆ.

ಪಿನ್ನುಗಳನ್ನು ಉಗುರಿನಲ್ಲಿ ಬಿಡಿಸಿದೆವು.
ನರ್ಸಮ್ಮ ಪುಟ್ಟತಾಯಮ್ಮ ಚೀಲದಿಂದ ತೆಗೆದಿಟ್ಟರು,
ಸಂತೆಯಲ್ಲಿ ಸೊಪ್ಪು ಹರವಿದಷ್ಟೇ ಸಲೀಸಾಗಿ:
ಮಾತ್ರೆಯ ಹಾಳೆ, ವಂಕಿ, ನಿರೋಧಿನ ಪೊಟ್ಟಣ.
ಕ್ಲಾಸೆಲ್ಲ ನಕ್ಕಿತು. ನಗಲಿ ಅಂತ ಬಿಟ್ಟೆ.
ನಗು ಬತ್ತಿದ ಮೇಲೆ
ಒಬ್ಬೊಬ್ಬರೇ ಮುಂದಕ್ಕೆ ಬಾಗಿದರು.

ಹೆಸರು ಬೇಡ, ಚೀಟಿ ಸಾಕು ಅಂದಿದ್ದೆ.
ಬಿಸ್ಕತ್ತಿನ ಡಬ್ಬಿಯಲ್ಲಿ ಮೂವತ್ತೊಂದು.
"ಒಂದ್ಸಲಕ್ಕೇ ಆಗ್ತದಾ?" ಏಳು ಜನರ ಕೈಬರಹದಲ್ಲಿ.
"ಬ್ಯಾಡ ಅಂದ್ರೆ ಬಿಟ್ಟೋಗ್ತೀನಿ ಅಂದ್ರೆ?"
"ಮೆಡಿಕಲ್ ಅಂಗಡಿಯೋನು ನಮ್ಮಪ್ಪನ ಫ್ರೆಂಡು, ಏನ್ಮಾಡ್ಲಿ?"
"ಹುಡುಗರಿಗೂ ಭಯ ಆಗ್ತದಾ ಮಿಸ್?"
ಮೂವತ್ತಕ್ಕೆ ಗೊತ್ತಿದ್ದಷ್ಟು ಹೇಳಿದೆವು,
ನರ್ಸಮ್ಮ ಅರ್ಧ, ನಾನರ್ಧ.
ಉಳಿದದ್ದು ಒಂದು, ಪೆನ್ಸಿಲಿನಲ್ಲಿ, ಒತ್ತಿ ಒತ್ತಿ:
"ಬಿಂದು ವಾಪಸ್ ಬರಬೋದಾ?"

ಬೆಲ್ಲು ಹೊಡೆದ ಮೇಲೆ
ಒಂದು ಪುಸ್ತಕ, ಪಿನ್ನಿಲ್ಲದ್ದು, ಚೀಲಕ್ಕೆ ಹಾಕಿಕೊಂಡು
ನಾಲೆ ಏರಿಯ ಮೇಲೆ ನಡೆದೆ.
ನೀರು ಬಿಟ್ಟಿದ್ದರು.
ಮೇಲಿಂದ ಕನ್ನಡಿ.