ಐದನೇ ಸುತ್ತು

ಹರಳೆಣ್ಣೆ ಕಾದ ವಾಸನೆ ಬಂದರೆ ಸಾಕು,
ಯಾರ ಮನೆಯ ಬಾಣಂತಿ ಕೋಣೆಯಾದರೂ ಸರಿ,
ನನಗದು ಗಿಡ್ಡಪ್ಪನ ಕೆರೆ.
ಭಾನುವಾರ ಅಮ್ಮ ನೆತ್ತಿಗೆ ತಟ್ಟುತ್ತಿದ್ದದ್ದೂ ಅದೇ,
ಅವರು ಎಂಜಿನ್ನಿಗೆ ಸುರಿಯುತ್ತಿದ್ದದ್ದೂ ಅದೇ.

ಕೆರೆ ಅಂದರೆ ಕೆರೆಯಲ್ಲ, ಅದರ ಬತ್ತಿದ ಹೊಟ್ಟೆ.
ಮಾರ್ಚಿಯಲ್ಲಿ ಬಿರುಕುಬಿಟ್ಟ ಗೋಡಿನ ಮೇಲೆ ರೋಲರ್ ಎಳೆಸಿ
ಸುಣ್ಣದಲ್ಲಿ ಮೊಟ್ಟೆಯಾಕಾರ ಬರೆದು
ಕೋಡಿಯ ತಿರುವಿಗೆ ಹುಲ್ಲುಪಿಂಡಿ ಒಟ್ಟಿದರೆ
ಮಧ್ಯಾಹ್ನ ಮೂರಕ್ಕೆ ರೇಸು. ಟಿಕೆಟ್ಟು ಎಂಟಾಣೆ.
ಏರಿಯ ಮೇಲೆ ನಿಂತರೆ ಪುಕ್ಕಟೆ.

ನಾಲ್ಕು ಜನ, ನಾಲ್ಕು ಸುತ್ತು, ಒಂದೇ ಗೇರು.
ಬ್ರೇಕು ಬಿಚ್ಚಿಟ್ಟು ಬರಬೇಕು.
"ಮತ್ತೆ ಹೇಗೆ ನಿಲ್ತಾರೆ?" ಅಂದರೆ ಅಪ್ಪ:
"ನಿಲ್ಲೋಕೆ ಬಂದವರಲ್ಲ."
ಅಜ್ಜಿಗೆ ಮಾತ್ರ ಸಮಾಧಾನವಿಲ್ಲ.
ಎಡಕ್ಕೇ ಸುತ್ತುತ್ತಾವಲ್ಲ ಮುಂಡೇವು,
ಅಪ್ರದಕ್ಷಿಣೆ! ಯಾವ ದೇವರು ಕಾಯ್ತಾನೆ?

ಪಿಳ್ಳಪ್ಪ ಬರುತ್ತಿದ್ದ, ಬೆಳಿಗ್ಗೆ ಹಾಲು ಹಾಕಿದ ಅದೇ ಜಾವಾದಲ್ಲಿ,
ಕ್ಯಾನಿನ ಕೊಕ್ಕೆ ಇನ್ನೂ ನೇತಾಡುತ್ತ.
ಕುಕ್ ಟೌನಿನ ಮರ್ವಿನ್ ರೊಜಾರಿಯೊ, ಬಿಳಿ ಸ್ಕಾರ್ಫು,
ಸೋತ ದಿನವೂ ಏರಿಯತ್ತ ಮುತ್ತು ತೂರುವವನು.
ಟ್ಯಾಂಕಿನ ಮೇಲೆ ನಿಂಬೆಹಣ್ಣು ಹಿಂಡಿಯೇ ಹತ್ತುವ
ಹಲಸೂರಿನ ತಂಗವೇಲು.
ಮತ್ತೆ, ಕಲಾಸಿಪಾಳ್ಯದ ಗೌಸ್ ಪೀರ್.

ಗೌಸ್ ಪೀರನ ಎಡಗಾಲಿಗೆ ಉಕ್ಕಿನ ಲಾಳ.
ಶಿವಾಜಿನಗರದಲ್ಲಿ ಜಟಕಾ ಕುದುರೆಗೆ ಹೊಡೆಯುವವನೇ
ಲಾರಿಯ ಪಟ್ಟಿ ಕಾಯಿಸಿ ತಟ್ಟಿಕೊಟ್ಟದ್ದು.
ತಿರುವು ಬಂತೋ, ಗಾಡಿ ಅಡ್ಡ,
ಮುಂದಿನ ಚಕ್ರದ ಮೂತಿ ಬಲಕ್ಕೆ, ಹೋಗುವುದು ಎಡಕ್ಕೆ,
ಲಾಳ ನೆಲವನ್ನು ಸಿಪ್ಪೆಯ ಹಾಗೆ ಸುಲಿಯುತ್ತ.
ಬಿದ್ದ ಅನ್ನುವಷ್ಟರಲ್ಲಿ ಎದ್ದ,
ಎದ್ದ ಅನ್ನುವಷ್ಟರಲ್ಲಿ ಇಲ್ಲ.
ನಮ್ಮ ಹಲ್ಲಲ್ಲಿ ಮಣ್ಣು, ಕಡ್ಲೆಕಾಯಲ್ಲಿ ಮಣ್ಣು.

ನನಗಾಗ ಹನ್ನೊಂದು. ಸುತ್ತು ಎಣಿಸುವ ಕೆಲಸ.
ಬಲಗೈಯಿಂದ ಎಡಗೈಗೆ ಹುಣಸೆ ಬೀಜ, ಸುತ್ತಿಗೊಂದು.
ನಾಲ್ಕಾದರೆ ಬಾವುಟದ ಸುಬ್ಬರಾಯಪ್ಪನಿಗೆ ಶಿಳ್ಳೆ.

ಎಪ್ಪತ್ತಾರು. ಯುಗಾದಿ ಕಳೆದ ಭಾನುವಾರ
ಒಂದು ಬೀಜ ಬೆರಳ ಸಂದಿಯಿಂದ ಜಾರಿತು.
ನೋಡಿದೆ. ಇಲ್ಲ, ನೋಡಲಿಲ್ಲ. ಧೂಳು.
ಅಂಗೈಯಲ್ಲಿ ಮೂರೇ. ಶಿಳ್ಳೆ ಹಾಕಲಿಲ್ಲ.
ಗೆದ್ದಾಗಿದ್ದ ಗೌಸ್ ಪೀರ್ ಇನ್ನೊಂದು ಸುತ್ತಿಗೆ ತಿರುಗಿದ.
ಕೋಡಿ. ಹುಲ್ಲುಪಿಂಡಿ. ಆಮೇಲೆ
ಎಂಜಿನ್ನೊಂದೇ, ಮಗ್ಗುಲಾಗಿ ಮಲಗಿ, ಕೂಗುತ್ತಲೇ ಇತ್ತು.

ಬೌರಿಂಗ್ ಆಸ್ಪತ್ರೆಯಲ್ಲಿ ಏಳು ತಿಂಗಳು.
ಮರ್ವಿನ್ ಪರ್ತಿಗೆ ಹೋದ. ಪಿಳ್ಳಪ್ಪ ವ್ಯಾನು ಕೊಂಡ.
ತಂಗವೇಲು ಏನಾದನೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಕೆರೆಗೆ ಮಣ್ಣು ಹೊಡೆಸಿ ಬಸ್ ಡಿಪೋ ಮಾಡಿದರು.

ಮೂವತ್ತೊಂದು ವರ್ಷ ನಾನು ಬಾಯಿ ಬಿಡಲಿಲ್ಲ.
ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿ, ಮರದ ಸ್ಟೂಲು,
ಕೋಲು ಗೋಡೆಗೆ ಒರಗಿಸಿತ್ತು. ಹೇಳಿಬಿಟ್ಟೆ.
ಬೇರಿಂಗು ಒರೆಸುತ್ತಿದ್ದವರು ಒರೆಸುತ್ತಲೇ ಅಂದರು:
"ಎಣಿಕೆ ನನಗೂ ಬರ್ತಿತ್ತಪ್ಪ.
ನಾಲ್ಕಾಗಿತ್ತು, ಗೊತ್ತಿತ್ತು. ಬಾವುಟ ಬೀಳಲಿಲ್ಲ.
ಪುಕ್ಕಟೆ ಒಂದು ಸುತ್ತು ಸಿಕ್ಕರೆ ಯಾರು ಬಿಡ್ತಾರೆ?"
ಸ್ವಲ್ಪ ತಡೆದು, "ಕಾಲು ಬೇರೆ ವಿಷಯ."
ಟೀ ತರಿಸಿದರು. ದುಡ್ಡು ನನ್ನಿಂದಲೇ ಕೊಡಿಸಿದರು.

ಆ ಬೀಜ ಬಿದ್ದಲ್ಲಿ ಹುಣಸೆ ಮರ ಎದ್ದಿದೆ ಅಂದರೆ
ಕೇಳಲಿಕ್ಕೆ ಚೆನ್ನ. ಎದ್ದಿಲ್ಲ. ಕಾಂಕ್ರೀಟು.
ರಾತ್ರಿ ಹನ್ನೊಂದಕ್ಕೆ ಬಸ್ಸುಗಳು ಒಳಗೆ ಬರುತ್ತವೆ,
ಡೀಸೆಲ್ ಬಂಕು ಬಳಸಿ ಒಂದೊಂದೂ ಎಡಕ್ಕೆ,
ಖಾಲಿ ಸೀಟು, ದೀಪ ಉರಿಯುತ್ತ.
ಒಂದು. ಎರಡು. ಮೂರು.
ಗೇಟಿನ ಕಾವಲಿನವನು ಟಾರ್ಚು ಬಿಟ್ಟು ಕೇಳುತ್ತಾನೆ:
"ಯಾವ ಬಸ್ಸು ಸಾರ್? ಇಲ್ಲಿಂದ ಯಾವುದೂ ಹೊರಡಲ್ಲ."