ಎಂಟು ಮತ್ತು ಎರಡು

ಮಧ್ಯಾಹ್ನ ಮೋಜಣಿ ಆಫೀಸಿನ ಹತ್ತೂರೆ ಸಾಹೇಬ್ರು ಬಂದ್ರು,
ಅಕ್ಕಲಕೋಟ ಸ್ಟ್ಯಾಂಡಿನ ಎದುರಿನ ನಮ್ಮ ಅಂಗಡಿಗೆ.
ನಾನೊಬ್ಬಾಕೀನೇ ಇದ್ದೆ,
ಬಾಯಾಗ ನಾಕು ಮೊಳಿ ಕಚ್ಚಿಕೊಂಡು.

‘ಶೇವಂತಾ, ಬೂಟಿನ ನಂಬರ್ ಅಂದ್ರ ಏನು ಹೇಳು?’
ಅಪ್ಪ ಕಲಿಸಿದ್ದು ಇಷ್ಟೇ:
ರಟ್ಟಿನ ಮ್ಯಾಲ ಕಾಲು ಇಡಸು,
ಸುತ್ತ ಸೀಸಕಡ್ಡಿ ತಿರುಗಿಸು, ನಡುವ ಮಾತಾಡಬ್ಯಾಡ.
ನಂಬರ್ ಅಂದ್ರ ನಂಬರ್‍ರೀ, ಅಂದೆ, ಮೊಳಿ ತೆಗೀದೇ.

‘ಜವೆಗೋಧಿ,’ ಅಂದ್ರು.
‘ಇಂಗ್ಲಿಷರ ಹೊಲದ ಕಾಳು.
ತುದಿಗೆ ತುದಿ ಹಚ್ಚಿ ಮೂರು ಇಟ್ರ ಒಂದು ಇಂಚು.
ಒಂದು ಕಾಳು ಹೆಚ್ಚಾದ್ರ ಒಂದು ನಂಬರ್ ಹೆಚ್ಚು.
ಇಷ್ಟು ವರ್ಷ ನೀ ಕಿರಾಣಿ ಅಂಗಡಿ ನಡಸೀದಿ, ಹುಚ್ಚಿ.’

ಜವೆ ನಾ ನೋಡಿದಾಕಿ ಅಲ್ಲ.
ಗಿರಣಿಗೆ ಒಯ್ಯಲಿಕ್ಕೆ ತಂದಿದ್ದ ಮಾಲದಂಡಿ ಜೋಳ ಇತ್ತು,
ಪಟ್ಟಿ ಮ್ಯಾಲ ಸಾಲಾಗಿ ಇಟ್ಟು ನೋಡಿದೆ.
ಐದು ಕುಂತವು. ಆರನೇದು ಉರುಳಿ
ಅಂಟಿನ ಡಬ್ಬ್ಯಾಗ ಬಿತ್ತು.

ಸಾಹೇಬ್ರಿಗೆ ಮಾತು ಹತ್ತಿತ್ತು.
ಫರ್ಲಾಂಗ್ ಅಂದ್ರ ನೇಗಿಲ ಸಾಲಂತ,
ಎತ್ತು ಉಸಿರು ಬಿಡಲಿಕ್ಕೆ ನಿಂತ ಜಾಗದ ತನಕ.
ಯಾರ ಎತ್ತು ರೀ? ಅಂದೆ.
ನಮ್ಮ ಕಾಕಾನ ಎತ್ತು ಅರ್ಧ ಸಾಲಿಗೇ ಮಲಗತಿದ್ದವು.
ಸಮುದ್ರದ ಆಳಕ್ಕ ಫ್ಯಾದಮ್, ಅದು ನಮ್ಮ ಮಾರೇ,
ಅವರ ಹಳೇ ಮಾತಿನಾಗ ಅದಕ್ಕ
ಅಪ್ಪಿಕೊಳ್ಳೋದು ಅಂತನೂ ಅರ್ಥಂತ.
ಹಿಂಗ, ಅಂತ ಎರಡೂ ಕೈ ಚಾಚಿದ್ರು,
ಮೊಳಿಗೆ ತೂಗಹಾಕಿದ ಬೆಲ್ಟೆಲ್ಲ ಕೆಳಗ ಬಿದ್ದವು.

ಆರಿಸಿಕೊಡತಾ ಇನ್ನೊಂದು ಹೇಳಿದ್ರು.
ಪರದೇಶದಾಗ ಎಲ್ಲೋ, ಐತವಾರ,
ಚರ್ಚಿನಿಂದ ಹೊರಬಿದ್ದ ಹದಿನಾರು ಗಂಡಸರನ್ನ
ಉದ್ದ ಗಿಡ್ಡ ನೋಡದೇ ಸಾಲಾಗಿ ನಿಲ್ಲಿಸಿ,
ಒಬ್ಬನ ಎಡಗಾಲಿನ ಹಿಂದ ಇನ್ನೊಬ್ಬನ ಎಡಗಾಲು ಇಡಿಸಿ
ಹೊಲ ಅಳೆಯೋ ಕೋಲಿನ ಉದ್ದ ಗೊತ್ತು ಮಾಡಿದ್ರಂತ.

ನನಗ ಅವರ ಮಾರಿ ಕಾಣಲಿಲ್ಲ, ಬೂಟು ಕಂಡವು.
ಒಂದರ ಹಿಮ್ಮಡಿ ಸವೆದಿತ್ತು,
ಒಂದರ ಅಟ್ಟಿ ಬಾಯಿ ತೆರೆದಿತ್ತು,
ಅದೂ ಅಳತ್ಯಾಗ ಸೇರಿರಬೇಕು.
ಅವನ್ನ ಹೊಲಿದಾವ
ಆ ಸಾಲಿನಾಗ ನಿಂತಿದ್ನೋ,
ಮೆಟ್ಟಿಲ ಕೆಳಗ ರಂಪಿಗಿ ಹಿಡಕೊಂಡು ಕುಂತಿದ್ನೋ,
ಕೇಳಬೇಕಂದೆ. ಕೇಳಲಿಲ್ಲ.

ಆಮ್ಯಾಲ ಕಾಲುಚೀಲ ಕಳೆದ್ರು.

ಸೊಲ್ಲಾಪುರದ ದವಾಖಾನ್ಯಾಗ, ಸಕ್ರಿ ರೋಗಕ್ಕ,
ಎಡಗಾಲಿನ ಐದೂ ಬೆರಳು ತೆಗೆದಿದ್ದರು.
ಜತ್ತಿನಿಂದ ಮಂಗಳವೇಡೆ ತನಕ
ಸರಪಳಿ ಜಗ್ಗಿದ ಕಾಲು,
ಅಣ್ಣತಮ್ಮಂದಿರ ನಡುವ ಕಲ್ಲು ನೆಡಿಸಿ
ಇಬ್ಬರ ಕಡೆಯಿಂದನೂ ಬೈಸಿಕೊಂಡ ಕಾಲು.
ರಟ್ಟಿನ ಮ್ಯಾಲ ಇಟ್ಟೆ.
ಸೀಸಕಡ್ಡಿ ಎಲ್ಲಿ ತಿರುಗಬೇಕೋ ಅಲ್ಲಿ
ತಿರುಗಲಿಕ್ಕೆ ಏನೂ ಇರಲಿಲ್ಲ.

‘ಎಷ್ಟು?’
ಬಲಗಾಲು ಎಂಟು. ಎಡಗಾಲು ಎರಡು.
‘ಆರು ಕಾಳು ಹೋತು.’
ಜವೆದಾಗ ಆರು, ನಮ್ಮ ಜೋಳದಾಗ ಹನ್ನೆರಡು, ಅಂದೆ.
ಸ್ವಲ್ಪ ಹೊತ್ತು ಪಟ್ಟಿ ಮ್ಯಾಲಿನ ಐದು ಕಾಳು ನೋಡಿದ್ರು.
‘ಜೋಳನೇ ಹಿಡಿ,’ ಅಂದ್ರು, ‘ಊರಿನ ಲೆಕ್ಕ.’

ಎರಡೂ ಎಂಟೇ ಹೊಲೀತೀನ್ರೀ,
ಎಡದ ತುದಿಗೆ ಹತ್ತಿ ತುಂಬತೀನಿ,
ನೋಡಿದವರಿಗೆ ತಿಳಿಯಂಗಿಲ್ಲ.
‘ನೋಡಿದವರ ಮಾತು ಬಿಡು.
ಹತ್ತಿ ಒತ್ತಬಾರದು, ಅಷ್ಟು ನೋಡು.’

ಗುರುವಾರ ಬರ್ತೀನಂತ ಹೋದ್ರು.
ಹೆಜ್ಜಿ ಒಂದು ಗಟ್ಟಿ, ಒಂದು ಮೆತ್ತಗ,
ದುಧನಿ ಬಸ್ಸಿನ ಹಾರ್ನ್ ಬರೋ ತನಕ ಕೇಳತಿತ್ತು.

ಜೋಳ ತಿರುಗಿ ಚೀಲಕ್ಕ ಹಾಕಿದೆ, ಐದೂ.
ಆರನೇದು ಅಂಟಿನ ತಳದಾಗ ಎಲ್ಲೋ ಕುಂತದ,
ಬೆರಳು ಆಡಿಸಿದೆ, ಸಿಗಲಿಲ್ಲ.
ಯಾರದೋ ಅಟ್ಟಿಗೆ ಹತ್ತಿ ಹೋಗತದ ಅದು,
ಅವರು ಕಾಲು ಊರಿದಾಗ
ಏನೋ ಒತ್ತತದ ಅಂತ ಬೈಕೊಂಡು ಬರತಾರ.